ಭಾವ ವೈರು ಎಳೆದದ್ದು

ನನ್ನ ಭಾವನಿಗೆ ವಿದ್ಯುತ್ತಿನ ವಿಷಯದಲ್ಲಿ ಒಂದೇ ಒಂದು ಸಿದ್ಧಾಂತವಿತ್ತು: ವೈರು ಉದ್ದವಿದ್ದಷ್ಟೂ ಒಳ್ಳೆಯದು. ಈ ಸಿದ್ಧಾಂತವನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಟೇಬಲ್ ಫ್ಯಾನನ್ನು ಮನೆಯ ಯಾವ ಮೂಲೆಗೆ ಬೇಕಾದರೂ ಒಯ್ದು ಇಡುವ ಸುಖದಿಂದ ತಾನಾಗಿ ಹುಟ್ಟಿಕೊಂಡಿದ್ದು.

ಭಾವನ ನೌಕರಿ ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಊರಿನ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಮೀಟರ್ ಕೋಲುಗಳನ್ನೆಲ್ಲ ಪರೀಕ್ಷೆ ಮಾಡಿ ‘ಸರಿಯಾಗಿದೆ’ ಎಂದು ಮುದ್ರೆ ಒತ್ತುವುದು ಅವರ ಕೆಲಸ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಿಡುವವರಲ್ಲ. ಆದರೆ ಸಂಜೆ ಕಚೇರಿಯ ಬಾಗಿಲು ದಾಟಿದ ಮೇಲೆ ಅವರ ಬಳಿ ಉಳಿಯುವ ಅಳತೆ ಒಂದೇ: ‘ಸುಮಾರು.’

ಭಾವನ ತಾಯಿ, ನಮಗೆಲ್ಲ ಅತ್ತೆಮ್ಮ, ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಮನೆಗೆ ಕಳಿಸುತ್ತೇವೆ, ಎರಡು ತಿಂಗಳು ಗಾಲಿಕುರ್ಚಿ ಬಿಟ್ಟು ಏಳಬಾರದು ಎಂದರು ಡಾಕ್ಟರು. ಮನೆಯ ಮುಂದೆ ಎರಡು ಮೆಟ್ಟಿಲು. ಎರಡೂ ಸೇರಿ ಮುಕ್ಕಾಲು ಅಡಿ ಎತ್ತರವಷ್ಟೇ. ಆದರೆ ಗಾಲಿಕುರ್ಚಿಗೆ ಅದು ಬೆಟ್ಟ. ನಾಲ್ಕು ಜನ ಸೇರಿ ಎತ್ತಿ ಇಟ್ಟರಾಯಿತು ಎಂದು ನಾನೇ ಒಮ್ಮೆ ಬಾಯಿ ತಪ್ಪಿ ಹೇಳಿದೆ. ಅತ್ತೆಮ್ಮ ಹಾಸಿಗೆಯಿಂದಲೇ ನನ್ನನ್ನು ನೋಡಿದರು.

“ನನ್ನನ್ನ ಮೂಟೆ ಥರ ಎತ್ಕೊಂಡು ಹೋಗೋದಾದ್ರೆ ನಾನು ಇಲ್ಲೇ ಇರ್ತೀನಿ. ಇಲ್ಲಿ ಊಟಾನೂ ಸುಮಾರಾಗಿದೆ.”

ಹೇಳಿದರೆ ಹೇಳಿದ ಹಾಗೆ ನಡೆಯುವ ಹೆಂಗಸು. ಆದ್ದರಿಂದ ಮೆಟ್ಟಿಲ ಮೇಲೆ ಒಂದು ಇಳಿಜಾರು ಹಲಗೆ ಆಗಲೇಬೇಕಿತ್ತು. ಬಡಗಿ ಹಲಗೆ ತಂದುಕೊಟ್ಟ, ಮೊಳೆ ಕೊಟ್ಟ, ಆದರೆ ಕೆಲಸಕ್ಕೆ ಮಾತ್ರ ಆಗುವುದಿಲ್ಲ, ತಂಗಿಯ ಮದುವೆಗೆ ಹೊರಟಿದ್ದೇನೆ ಎಂದ. ಅಲ್ಲಿಯವರೆಗೆ ಸುಮ್ಮನಿದ್ದ ಭಾವ ತಟ್ಟನೆ, “ಗರಗಸ ಕೊಟ್ಟು ಹೋಗಿ, ಮಿಕ್ಕಿದ್ದು ನಾನು ನೋಡ್ಕೋತೀನಿ” ಎಂದುಬಿಟ್ಟರು. ಬಡಗಿ ತನ್ನ ಕರೆಂಟಿನ ಗರಗಸವನ್ನು ಮಗುವನ್ನು ಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟ. “ವಯಸ್ಸಾಗಿದೆ ಸಾರ್, ಜಾಸ್ತಿ ಒತ್ತಬೇಡಿ” ಎಂದೂ ಹೇಳಿದ.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಅಕ್ಕ ಆಸ್ಪತ್ರೆಗೆ ಹೊರಡುವಾಗ ಒಂದೇ ಆಜ್ಞೆ ಮಾಡಿದ್ದಳು: “ರೀ, ಒಳಗಡೆ ಒಂದು ಚೂರು ಹೊಟ್ಟು ಬಿದ್ರೂ ನಾನು ಸುಮ್ನಿರಲ್ಲ.” ಹಾಗಾಗಿ ಹಲಗೆಗಳನ್ನು ಗೇಟಿನ ಬಳಿ ಎರಡು ಸ್ಟೂಲುಗಳ ಮೇಲೆ ಹಾಸಿದೆವು. ಗರಗಸದ ಭಾರ ತಡೆಯುವ ಸಾಕೆಟ್ಟು ಇದ್ದದ್ದು ಹಿಂದುಗಡೆ, ಬಟ್ಟೆ ಒಗೆಯುವ ಮಷೀನಿನ ಪಕ್ಕ. ನಡುವೆ ಇಡೀ ಮನೆ.

ಭಾವನ ಮುಖ ಅರಳಿತು. ಅವರ ಸಿದ್ಧಾಂತಕ್ಕೆ ಇಂಥ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ. ಟೇಬಲ್ ಫ್ಯಾನಿನ ಬಿಳಿ ವೈರು ಬಂತು, ಟೀವಿಯ ಹಿಂದಿದ್ದ ಕಂದು ವೈರು ಬಂತು, ಕಚೇರಿಯ ವಾರ್ಷಿಕೋತ್ಸವಕ್ಕೆ ಬಣ್ಣದ ದೀಪ ಹಾಕಲು ತಂದಿದ್ದ ಹಸಿರು ವೈರೂ ಬಂತು. ಮೂರನ್ನೂ ಒಂದರ ಬಾಲಕ್ಕೆ ಒಂದು ಸಿಕ್ಕಿಸಿದರು. ಗೇಟು ಮುಟ್ಟಿದ ಮೇಲೂ ಬೇಕಾದಷ್ಟು ಮಿಕ್ಕಿತು. ಮಿಕ್ಕಿದ್ದನ್ನು ಕಾಲಿಗೆ ತೊಡರದಂತೆ ಅಂದವಾಗಿ ಸುರುಳಿ ಸುತ್ತಿ ಮೆಟ್ಟಿಲ ಮೇಲಿಟ್ಟರು.

“ನೋಡಿದ್ಯಾ, ಇನ್ನೂ ಎರಡು ಮನೆ ಆಚೆಗೆ ಹೋಗ್ಬಹುದು!”

ಎರಡು ಮನೆ ಆಚೆಗೆ ಹೋಗಬೇಕಾದ ಕೆಲಸವೇನೂ ಇರಲಿಲ್ಲ. ನಾನು ಹಲಗೆ ಹಿಡಿದೆ. ಭಾವ ಗುಂಡಿ ಒತ್ತಿದರು.

ಗರಗಸ ಮೊದಲು ‘ಊಂ’ ಎಂದಿತು. ಆಮೇಲೆ ‘ಊಂಂಂ’ ಎಂದು ದೀರ್ಘವಾಗಿ ನರಳಿತು. ಹಲಗೆಗೆ ಹಲ್ಲು ತಾಗಿದೊಡನೆ ಅದರ ದನಿ ಕುಗ್ಗುತ್ತಾ ಕುಗ್ಗುತ್ತಾ, ಜ್ವರದಲ್ಲಿ ಮಲಗಿದವರು ನೀರು ಕೇಳುವ ಹಾಗಾಯಿತು. ಭಾವ ಒತ್ತಿದಷ್ಟೂ ನರಳಿತು. ಅರ್ಧ ಹಲಗೆ ಕೊಯ್ಯಲು ಕಾಲು ಗಂಟೆ ಹಿಡಿಯಿತು. ಕೊನೆಗೊಂದು ನಿಟ್ಟುಸಿರು ಬಿಟ್ಟು ನಿಂತೇಹೋಯಿತು. ಮುಟ್ಟಿ ನೋಡಿದರೆ ಗರಗಸದ ಮೈ ಸುಡುತ್ತಿತ್ತು. ಮೆಟ್ಟಿಲ ಮೇಲಿನ ಅಂದವಾದ ಸುರುಳಿಯೂ ಮೆತ್ತಗಾಗಿ ವಾಸನೆ ಬರುತ್ತಿತ್ತು. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ.

ಭಾವ ಗಾಬರಿಯಿಂದ ಬಡಗಿಗೆ ಫೋನು ಮಾಡಿದರು. ಮದುವೆ ಮನೆಯ ಗದ್ದಲದಲ್ಲಿ ಅವನಿಗೆ ಕೇಳಿಸಬೇಕೆಂದು ಗೇಟಿನ ಬಳಿ ನಿಂತು ಗಂಟಲು ಹರಿಯುವಂತೆ ಕಿರುಚಿದರು.

ಈಗ ಎದುರಿನ ಮಹಡಿಮನೆಯಮ್ಮನ ವಿಷಯ ಹೇಳಬೇಕು. ಅವರು ಪ್ರತಿದಿನ ಬಾಲ್ಕನಿಯ ಹೂಕುಂಡಗಳಿಗೆ ನೀರು ಹಾಕುತ್ತಾರೆ. ಬೀದಿಯಲ್ಲಿ ಏನೂ ನಡೆಯದ ದಿನ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಏನಾದರೂ ನಡೆದರೆ ಗಿಡಗಳು ಕೊಳೆಯುವ ತನಕ. ಆ ದಿನ ಬೆಳಿಗ್ಗೆಯಿಂದ ನಮ್ಮ ಮನೆಯ ಕಡೆಯಿಂದ ಬರುತ್ತಿದ್ದ ನರಳಾಟ ಕೇಳಿ ಕೇಳಿ ಅವರ ಕುಂಡಗಳೆಲ್ಲ ತುಂಬಿ ಹರಿಯುತ್ತಿದ್ದವು. ಕೆಳಗೆ ಹಲಗೆ, ಗರಗಸ ಇದ್ದದ್ದು ಅವರಿಗೆ ಕಾಣುವಂತಿರಲಿಲ್ಲ. ನಡುವೆ ನಮ್ಮ ದೊಡ್ಡ ಮಾವಿನ ಮರವಿದೆ. ಅವರಿಗೆ ಸಿಕ್ಕಿದ್ದು ಭಾವನ ದನಿ ಮಾತ್ರ. ಅದು ಹೀಗಿತ್ತು:

“ಕೈಕಾಲೇ ಆಡ್ತಿಲ್ಲ ರೀ ನಂಗೆ! ಬೆಳಿಗ್ಗೆಯಿಂದ ಒಂದೇ ಸಮ ನರಳಾಟ! ಮೈ ಮುಟ್ಟೋಕಾಗಲ್ಲ, ಹಂಗೆ ಸುಡ್ತಿದೆ! ಈಗ ಉಸಿರೇ ನಿಂತುಹೋಯ್ತು! ಜೀವ ಇದ್ಯೋ ಇಲ್ವೋ ಅದೂ ಗೊತ್ತಾಗ್ತಿಲ್ಲ... ಹೌದು, ವಯಸ್ಸಾಗಿದೆ, ನೀವು ಹೇಳಿದ್ರಿ, ನಾನೇ ಸ್ವಲ್ಪ ಜಾಸ್ತಿ ಒತ್ತಿಬಿಟ್ಟೆ ಅನ್ಸುತ್ತೆ...”

ಇಲ್ಲಿ ಕನ್ನಡ ವ್ಯಾಕರಣವೂ ಭಾವನಿಗೆ ಕೈಕೊಟ್ಟಿತು. ಅವರು ಒಂದೇ ಒಂದು ಸಲ ‘ಗರಗಸ’ ಎಂದಿದ್ದರೆ ಸಾಕಿತ್ತು. ಮೈ, ಉಸಿರು, ಜೀವ, ವಯಸ್ಸು ಇವೆಲ್ಲ ತಾಯಿಯದ್ದಾದರೂ ‘ಇದೆ’, ಗರಗಸದ್ದಾದರೂ ‘ಇದೆ.’

ಬಡಗಿ ಆ ಕಡೆಯಿಂದ, ಯಾವ ವೈರು ಹಾಕಿದ್ದೀರಿ ಎಂದು ಕೇಳಿದನಂತೆ. ಭಾವ ಹೆಮ್ಮೆಯಿಂದ ಹೇಳಿದರು. ಅವನು ಹಣೆ ಚಚ್ಚಿಕೊಂಡ ಸದ್ದು ನನಗೂ ಕೇಳಿಸಿತು. ತೆಳ್ಳಗಿನ ವೈರನ್ನು ಅಷ್ಟುದ್ದ ಎಳೆದರೆ ಕರೆಂಟು ದಾರಿಯಲ್ಲೇ ಸೋತುಹೋಗುತ್ತದೆ, ಗರಗಸಕ್ಕೇನೂ ಆಗಿಲ್ಲ, ತಣ್ಣಗಾಗಲು ಬಿಡಿ, ಚಿಕ್ಕದಾದ ದಪ್ಪ ವೈರು ತನ್ನಿ ಎಂದ. ಮಹಡಿಯ ಮೇಲಕ್ಕೆ ಕೇಳಿಸಿದ್ದು ಭಾವನ ಅರ್ಧ:

“ಹೌದಾ? ಎಳೆದಷ್ಟೂ ಶಕ್ತಿ ಹೋಗುತ್ತಾ? ಅಯ್ಯೋ, ನಾನೇ ಸುಮ್ನೆ ಇಷ್ಟುದ್ದ ಎಳೆದೆ! ಚಿಕ್ಕದ್ರಲ್ಲಿ ಮುಗಿಸ್ಬೇಕಿತ್ತು... ಆಯ್ತು, ಹಲಗೆ ಅಳತೆ ಆರಡಿ ಅಲ್ವಾ? ಇವತ್ತೇ ರೆಡಿ ಮಾಡ್ತೀನಿ.”

ಮಹಡಿಮನೆಯಮ್ಮ ಕೊಳವೆಯನ್ನು ಕೆಳಗೆ ಬಿಟ್ಟರು. ಅವರ ಲೆಕ್ಕದಲ್ಲಿ ಆಸ್ಪತ್ರೆಯವರು ಕೈಚೆಲ್ಲಿ ಅತ್ತೆಮ್ಮನನ್ನು ಬೆಳಗಾಗುವ ಮೊದಲೇ ಮನೆಗೆ ಕಳಿಸಿದ್ದರು, ಉಸಿರು ನಿಂತಿತ್ತು, ಆರಡಿಯ ಹಲಗೆಗೂ ಹೇಳಿಯಾಗಿತ್ತು. ಅಕ್ಕನಿಗೆ ಫೋನು ಮಾಡಿದರೆ ಅವಳು ವಾರ್ಡಿನಲ್ಲಿ ಫೋನಿನ ಸದ್ದು ನಿಲ್ಲಿಸಿಟ್ಟಿದ್ದಳು. ಕೊನೆಗೆ ಭಾವನ ಚಿಕ್ಕಪ್ಪನ ಸಂಖ್ಯೆ ಅವರಿಗೆ ಸಿಕ್ಕಿತು. ಈ ಚಿಕ್ಕಪ್ಪ ನೆಂಟರ ಮದುವೆಯಲ್ಲೂ ಸಾವಿನಲ್ಲೂ ಭಾಷಣ ಮಾಡುವವರು. ಸುದ್ದಿ ಕೇಳಿ ಕಣ್ಣೊರೆಸಿಕೊಂಡು, ಪೆನ್ನು ಹುಡುಕಿದರು.

ಇದ್ಯಾವುದೂ ಗೊತ್ತಿಲ್ಲದ ನಾವಿಬ್ಬರೂ, ಗರಗಸ ತಣ್ಣಗಾದ ಮೇಲೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಮನೆಗೆ ಬೀಗ ಹಾಕಿ, ಮೂರನೇ ಬೀದಿಯ ವಿದ್ಯುತ್ ಸಾಮಾನಿನ ಅಂಗಡಿಗೆ ಹೋದೆವು.

ಅಂಗಡಿಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಭಾವ ನೇರವಾಗಿ, ಮೇಲೆ ನೇತುಹಾಕಿದ್ದ ಅತಿ ದೊಡ್ಡ ವೈರಿನ ಉರುಳೆಯನ್ನು ತೋರಿಸಿದರು. ಐವತ್ತು ಮೀಟರ್. ಕಿತ್ತಳೆ ಬಣ್ಣ.

“ಅದು ಕೊಡಿ.”

“ಏನಕ್ಕೆ ಸಾರ್?”

“ಗರಗಸಕ್ಕೆ.”

“ಎಷ್ಟು ವಾಟ್ಸಿಂದು?”

“ಬಡಗೀದು.”

ಅಂಗಡಿಯಮ್ಮ ಕನ್ನಡಕ ಮೇಲೇರಿಸಿದರು. ಭಾವ ಟವೆಲು ಬಿಚ್ಚಿದರು. ಗರಗಸದ ಹೊಟ್ಟೆಯ ಮೇಲಿದ್ದ ಸಣ್ಣ ತಗಡನ್ನು ಆಕೆ ಬೆರಳಿನಿಂದ ಒರೆಸಿ ಓದಿದರು. “ಸಾವಿರದ ಎಂಟುನೂರು ವಾಟ್ಸು. ಅಂದ್ರೆ ಎಂಟು ಆಂಪ್ಸ್ ಎಳೆಯುತ್ತೆ, ಶುರುವಾಗೋವಾಗ ಇನ್ನೂ ಜಾಸ್ತಿ. ಈಗ ಯಾವುದಕ್ಕೆ ಸಿಕ್ಕಿಸಿದ್ರಿ?”

ಭಾವ ಮೂರು ವೈರುಗಳ ಕಥೆ ಹೇಳಿದರು. ಆಕೆ ಮಾತಾಡದೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟರು. ಕರಗಿ, ಕಪ್ಪಾಗಿ, ಮುದ್ದೆಯಾಗಿದ್ದ ಒಂದು ವೈರಿನ ಸುರುಳಿ.

“ಇದು ನಿಮ್ಮಂಥೋರೇ ಒಬ್ರು ತಂದುಕೊಟ್ಟಿದ್ದು. ಸುತ್ತಿ ಇಟ್ಟಿದ್ರಂತೆ, ಅಂದವಾಗಿ.”

ಭಾವ ಒಂದು ಹೆಜ್ಜೆ ಹಿಂದೆ ಸರಿದರು.

“ಸಾಕೆಟ್ಟಿಂದ ಕೆಲಸದ ಜಾಗಕ್ಕೆ ಎಷ್ಟು ದೂರ ಸಾರ್?”

“ಸುಮಾರು.”

ಆಕೆ ಭಾವನ ಮುಖವನ್ನು ದಿಟ್ಟಿಸಿದರು. “ನೀವು ಅಳತೆ ಆಫೀಸಿನೋರಲ್ವಾ? ಹೋದ ತಿಂಗಳು ನನ್ನ ಮೀಟರ್ ಕೋಲು ಅರ್ಧ ನೂಲು ಕಮ್ಮಿ ಇದೆ ಅಂತ ತಗೊಂಡು ಹೋದ್ರಲ್ಲ?”

ಭಾವನ ಕಿವಿ ಕೆಂಪಾಯಿತು. “ಮೂವತ್ತು ಹೆಜ್ಜೆ ಇರಬಹುದು” ಎಂದರು.

“ಯಾರ ಹೆಜ್ಜೆ?”

ಆಮೇಲೆ ನಡೆದದ್ದನ್ನು ಆ ಬೀದಿಯವರು ಬಹುಕಾಲ ನೆನಪಿಟ್ಟುಕೊಂಡಿರುತ್ತಾರೆ. ಭಾವ ಕೌಂಟರಿಗೆ ಬೆನ್ನು ತಾಗಿಸಿ ನಿಂತು, ಮನೆಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ನಡೆಯತೊಡಗಿದರು. “ಇದು ಅಡುಗೆಮನೆ... ಏಳು, ಎಂಟು... ಇಲ್ಲಿ ಊಟದ ಮೇಜು, ಸುತ್ತಿ ಬರಬೇಕು...” ಇಲ್ಲದ ಮೇಜನ್ನು ಸುತ್ತಿದರು. ಅಂಗಡಿ ಮುಗಿಯಿತು, ಫುಟ್‌ಪಾತು ಮುಗಿಯಿತು, ರಸ್ತೆಯ ನಡುವೆ ಬಂದು “ಇದು ಹಾಲು!” ಎಂದು ಕೂಗಿದರು. ಎರಡು ಸ್ಕೂಟರುಗಳು ಹಾಲಿನೊಳಗೆ ನುಗ್ಗಿ ಬ್ರೇಕು ಹಾಕಿದವು. ಎದುರಿನ ಕ್ಷೌರದಂಗಡಿಯ ಕುರ್ಚಿಯ ಪಕ್ಕ ನಿಂತು, ಅರ್ಧ ಗಡ್ಡದ ಗಿರಾಕಿಯ ಮುಂದೆ, “ಮೂವತ್ತು. ಗೇಟು!” ಎಂದು ಘೋಷಿಸಿದರು.

ಅಂಗಡಿಯಮ್ಮ ಟೇಪು ಹಿಡಿದು ಹಿಂದೆಯೇ ಬಂದಿದ್ದರು. “ಹದಿನೆಂಟು ಮೀಟರ್. ಇಪ್ಪತ್ತರದ್ದು ತಗೊಳ್ಳಿ. ಎರಡೂವರೆ ಎಂಎಂ ದಪ್ಪದ್ದು, ಮೂರು ಪಿನ್ನಿಂದು.”

“ಐವತ್ತರದ್ದೇ ಇರಲಿ ಬಿಡಿ. ಮುಂದಕ್ಕೆ...”

“ಮುಂದಕ್ಕೆ ಎಲ್ಲಿಗೆ ಸಾರ್? ಕ್ಷೌರದಂಗಡಿ ಆಯ್ತಲ್ಲ!” ಆಕೆ ಭಾವನ ಒಂದು ಕೈಯಲ್ಲಿ ತೆಳ್ಳಗಿನ ವೈರಿನ ತುಂಡು, ಇನ್ನೊಂದರಲ್ಲಿ ದಪ್ಪ ವೈರಿನ ತುಂಡು ಇಟ್ಟರು. “ಯಾವುದ್ರಲ್ಲಿ ತಾಮ್ರ ಜಾಸ್ತಿ ಇದೆ ನೀವೇ ನೋಡಿ. ಬೇಕಾದಷ್ಟೇ ಉದ್ದ, ಬೇಕಾದಷ್ಟು ದಪ್ಪ. ಒಂದೇ ವೈರು, ಗಂಟು ಹಾಕಂಗಿಲ್ಲ. ಪೂರ್ತಿ ಬಿಚ್ಚಿ ಹಾಸ್ಬೇಕು. ಆಮೇಲೆ ನೋಡಿ, ನರಳಾಟ ಇರಲ್ಲ, ಒಂದೇ ನಿಮಿಷದಲ್ಲಿ ಕತ್ತರಿಸುತ್ತೆ.”

ಭಾವ ಎರಡು ತುಂಡುಗಳನ್ನೂ ಕಚೇರಿಯಲ್ಲಿ ತೂಕದ ಕಲ್ಲು ನೋಡುವ ಗಾಂಭೀರ್ಯದಿಂದ ನೋಡಿದರು. ಅವರ ಜೀವಮಾನದ ಸಿದ್ಧಾಂತ ಅಲ್ಲೇ, ಆ ಕೌಂಟರಿನ ಮೇಲೆ, ಇಪ್ಪತ್ತು ಮೀಟರಿಗೆ ಇಳಿಯಿತು.

ಅಷ್ಟರಲ್ಲಿ ಚಿಕ್ಕಪ್ಪನ ಫೋನು ಬಂತು. ಭಾವ ಯಾವುದಾದರೂ ಕೆಲಸ ಹಿಡಿದರೆ ಲೋಕವೆಲ್ಲ ಅದನ್ನೇ ಯೋಚಿಸುತ್ತಿದೆ ಎಂದು ನಂಬುವ ಮನುಷ್ಯ.

“ಧೈರ್ಯ ತಂದ್ಕೋ ಮಗೂ” ಎಂದರು ಚಿಕ್ಕಪ್ಪ. “ಎಲ್ಲಾ ಮುಗೀತಾ?”

“ಎಲ್ಲಿ ಮುಗೀತು ಚಿಕ್ಕಪ್ಪ, ಅರ್ಧಕ್ಕೇ ನಿಂತಿದೆ. ನೀವೇನೂ ಯೋಚ್ನೆ ಮಾಡ್ಬೇಡಿ, ಮನೆಗೆ ಹೋದ ತಕ್ಷಣ ನಾನೇ ಮುಗಿಸ್ತೀನಿ.”

ಆ ಕಡೆ ಉಸಿರಾಟ ಬದಲಾಯಿತು. “ನೀನೇ... ಮುಗಿಸ್ತೀಯಾ?”

“ಹೂಂ, ನನ್ನ ಕೈಯಾರೆ. ದಪ್ಪ ವೈರು ತಗೊಂಡಿದೀನಿ. ಇದಾದ್ರೆ ನರಳಾಟ ಇರಲ್ವಂತೆ, ಒಂದೇ ನಿಮಿಷ.”

ಫೋನು ಕಟ್ಟಾಯಿತು. “ಪಾಪ, ಅಮ್ಮನ ಬಗ್ಗೆ ಎಷ್ಟು ಕಾಳಜಿ ನೋಡು” ಎಂದರು ಭಾವ.

ನಾವು ವಾಪಸು ಬಂದಾಗ ಗೇಟಿನ ಮುಂದೆ ಹತ್ತು ಹನ್ನೆರಡು ಜನ. ಮುಂದೆ ಚಿಕ್ಕಪ್ಪ, ಜೇಬಿನಿಂದ ಇಣುಕುತ್ತಿದ್ದ ಎರಡು ಹಾಳೆಗಳೊಂದಿಗೆ. ಪಕ್ಕದಲ್ಲಿ ಅತ್ತೆಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಮಹಡಿಮನೆಯಮ್ಮನ ಹೆಗಲಿಗೆ ಒರಗಿ ಅಳುತ್ತಿದ್ದರು. ಇವರೆಲ್ಲರ ನಡುವೆ, ಚಿಕ್ಕಪ್ಪ ದಾರಿಯಲ್ಲಿ ಕರೆತಂದಿದ್ದ ಆರಡಿಯ ಒಬ್ಬ ಪೊಲೀಸಿನವರು.

“ಮನೆ ಯಾಕೆ ಬೀಗ ಹಾಕಿದೆ?” ಎಂದರು ಪೊಲೀಸಿನವರು.

“ಒಳಗೆ ಯಾರೂ ಇಲ್ಲ, ಅದಕ್ಕೆ” ಎಂದರು ಭಾವ.

“ಈಗ ಯಾರೂ ಇಲ್ವೋ, ಮುಂಚೆಯಿಂದಲೇ ಯಾರೂ ಇಲ್ವೋ?”

ಭಾವ ಯೋಚಿಸಿದರು. ಪ್ರಾಮಾಣಿಕ ಮನುಷ್ಯ. “ಬೆಳಿಗ್ಗೆ ಇದ್ರು” ಎಂದರು, ಅಕ್ಕನನ್ನು ನೆನೆದು.

ಚಿಕ್ಕಮ್ಮನ ಅಳು ಒಂದು ಮೆಟ್ಟಿಲು ಮೇಲೇರಿತು.

“ಕೈಯಲ್ಲೇನು ಅದು?”

“ವೈರು. ದಪ್ಪದ್ದು.”

“ಅದೇ ಸಾರ್, ಅದೇ!” ಎಂದು ಚಿಕ್ಕಪ್ಪ ಕೂಗಿದರು. “ಫೋನಲ್ಲಿ ಅದನ್ನೇ ಹೇಳಿದ್ದು!”

“ಟವೆಲಿನೊಳಗೆ?”

“ಗರಗಸ.”

ಚಿಕ್ಕಪ್ಪ ಸ್ಟೂಲುಗಳ ಮೇಲಿದ್ದ ಹಲಗೆಯ ಒಂದು ತುದಿಗೆ ಕೂತರು. ಅರ್ಧ ಕೊಯ್ದ ಇನ್ನೊಂದು ತುದಿ ಅವರ ಭಾರಕ್ಕೆ ಮೇಲೆದ್ದಿತು. ಪೊಲೀಸಿನವರು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಕಚ್ಚಿ ಬಿಚ್ಚಿದರು. “ತಾಯೀನ ನೀವು ಕೊನೇ ಸಲ ನೋಡಿದ್ದು ಯಾವಾಗ?”

“ಈಗ ನೋಡ್ತಿದಾನೆ” ಎಂದಿತು ಒಂದು ದನಿ.

ಎಲ್ಲರೂ ತಿರುಗಿದರು. ಗೇಟಿನ ಮುಂದೆ ಟ್ಯಾಕ್ಸಿಯೊಂದು ನಿಂತಿತ್ತು. ಮುಂದಿನ ಸೀಟಿನಲ್ಲಿ, ಕಿಟಕಿಯ ಗಾಜಿಳಿಸಿಕೊಂಡು, ಅತ್ತೆಮ್ಮ. ಹಾಸಿಗೆ ಬೇಕಾಗಿದೆ ಎಂದು ಆಸ್ಪತ್ರೆಯವರು ಒಂದು ದಿನ ಮೊದಲೇ ಕಳಿಸಿಬಿಟ್ಟಿದ್ದರು. ಅಕ್ಕ ಹಿಂದಿನ ಸೀಟಿನಿಂದ ಇಳಿಯುತ್ತಾ, “ಒಂದು ಗಂಟೆಯಿಂದ ಮಾಡ್ತಿದೀನಿ, ಎಲ್ಲರ ಫೋನೂ ಎಂಗೇಜು! ಏನು ಮಾತಾಡ್ತೀರಪ್ಪಾ ಎಲ್ಲಾ ಸೇರ್ಕೊಂಡು?” ಎಂದಳು.

ಚಿಕ್ಕಮ್ಮ “ಅಕ್ಕಾ!” ಎಂದು ಓಡಿಹೋಗಿ ಕಿಟಕಿಯೊಳಗೆ ಅರ್ಧ ತೂರಿಕೊಂಡರು. ಮಹಡಿಮನೆಯಮ್ಮನಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ನಲ್ಲಿ ಬಿಟ್ಟು ಬಂದದ್ದು ನೆನಪಾಯಿತು. ಆದರೆ ಅತ್ತೆಮ್ಮ “ನಿಲ್ರೀ” ಎಂದ ಮೇಲೆ ನಿಂತರು. ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ತಾವು ಕೇಳಿದ್ದನ್ನು ಹೇಳಿದರು, ಎಲ್ಲವನ್ನೂ ಸೇರಿಸಿ ಅತ್ತೆಮ್ಮ ಕಥೆ ಪೂರ್ತಿ ಮಾಡಿಕೊಂಡರು. ಪೊಲೀಸಿನವರು ಬರೆದಿದ್ದ ಒಂದೂವರೆ ಸಾಲನ್ನು ಹೊಡೆದುಹಾಕಿದರು.

“ಸರಿ, ನಂದು ಮುಗೀಲಿಲ್ಲ. ಹಲಗೆ ಮುಗೀತಾ?” ಎಂದರು ಅತ್ತೆಮ್ಮ.

“ಇಲ್ಲಮ್ಮ” ಎಂದರು ಭಾವ, ನೆಲ ನೋಡುತ್ತಾ.

“ನಾವು ನಾಲ್ಕು ಜನ ಇದೀವಲ್ಲಾ ಅತ್ತಿಗೆ, ಎತ್ತಿ...” ಎಂದು ಚಿಕ್ಕಪ್ಪ ಶುರುಮಾಡಿದರು. ಅತ್ತೆಮ್ಮ ಅವರನ್ನು ನೋಡಿದ ರೀತಿಗೆ ಮಾತು ಅಲ್ಲೇ ಬತ್ತಿತು.

“ಹಲಗೆ ಆಗೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಟ್ಯಾಕ್ಸಿಯಪ್ಪ, ನಿಂಗೆ ಅವಸರ ಇದ್ಯಾ?” ಅವನು ಇಂಥದ್ದನ್ನು ಬಿಟ್ಟು ಹೋಗುವಷ್ಟು ದಡ್ಡನಾಗಿರಲಿಲ್ಲ. ಆಗಲೇ ಎಂಜಿನ್ನು ಆರಿಸಿದ್ದ. “ಜೇಬಲ್ಲಿ ಏನೋ ಬರ್ಕೊಂಡು ಬಂದಿದೀಯಲ್ಲ, ಅದನ್ನ ಓದು. ಹೊತ್ತು ಹೋಗ್ಲಿ” ಎಂದು ಮೈದುನನಿಗೆ ಹೇಳಿದರು.

ಭಾವ ವೈರನ್ನು ಪೂರ್ತಿ ಬಿಚ್ಚಿದರು. ಸಾಕೆಟ್ಟಿನಿಂದ ಅಡುಗೆಮನೆ, ಊಟದ ಮೇಜು, ಹಾಲು ದಾಟಿ ಗೇಟಿನ ತನಕ ಒಂದೇ ವೈರು, ಒಂದು ಸುರುಳಿಯೂ ಇಲ್ಲದೆ ನೆಟ್ಟಗೆ ಮಲಗಿತು. ತುದಿಯಲ್ಲಿ ಎರಡು ಮೀಟರ್ ಮಾತ್ರ ಮಿಕ್ಕಿತು. ಹಲಗೆಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಪೊಲೀಸಿನವರು ಟೋಪಿ ತೆಗೆದಿಟ್ಟು ಹಿಡಿದರು. ಭಾವ ಕಣ್ಣು ಕಿರಿದು ಮಾಡಿ ಗುಂಡಿ ಒತ್ತಿದರು.

ಗರಗಸ ನರಳಲಿಲ್ಲ. ‘ಝೀಂ’ ಎಂದು ಒಂದೇ ಸಲ ಕೂಗಿ ಹಲಗೆಯೊಳಗೆ ನುಗ್ಗಿ ಆಚೆ ಬಂತು. ಬಿದ್ದ ತುಂಡನ್ನು ಎಲ್ಲರೂ ಬಾಗಿ ನೋಡಿದೆವು. ಭಾವ ಗರಗಸವನ್ನೂ ವೈರನ್ನೂ ಮುಟ್ಟಿ ನೋಡಿ, “ವೈರು ತಣ್ಣಗಿದೆ!” ಎಂದು ಟ್ಯಾಕ್ಸಿಯ ಕಡೆ ಕೂಗಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮದುವೆಯ ದಿನವೂ ನೋಡಿರಲಿಲ್ಲ. ಅಕ್ಕನಿಗೂ ಹಾಗೇ ಅನ್ನಿಸಿರಬೇಕು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

ಗರಗಸ ನಿಂತ ಬಿಡುವಿನಲ್ಲೆಲ್ಲ ಚಿಕ್ಕಪ್ಪನ ದನಿ ಕೇಳಿಸುತ್ತಿತ್ತು.

“...ಸರಳ ಜೀವಿ, ಸಹನೆಯೇ ಮೂರ್ತಿವೆತ್ತವರು, ಮಿತಭಾಷಿ...”

“ಯಾರು, ನಾನಾ?” ಎಂದರು ಅತ್ತೆಮ್ಮ.

“ಇದ್ದಾಗ ಯಾರೂ ಹೀಗೆ ಹೇಳಲ್ಲ ಅತ್ತಿಗೆ” ಎಂದು ಚಿಕ್ಕಪ್ಪ ಸಂಕೋಚಪಟ್ಟರು.

“ನೀನು ಹೇಳ್ತಿದೀಯಲ್ಲ. ಆ ಸಹನೆ ಸಾಲು ಇನ್ನೊಂದ್ಸಲ ಓದು. ಸೊಸೆಗೂ ಕೇಳಿಸ್ಲಿ.”

ಎರಡನೇ ಹಾಳೆ ಮುಗಿಯುವ ಹೊತ್ತಿಗೆ ಆರಡಿ ಉದ್ದ, ಮೂರಡಿ ಅಗಲದ ಇಳಿಜಾರು ಸಿದ್ಧವಾಯಿತು. ಒಂದು ಅಂಚು ಬೆರಳಿನಷ್ಟು ಸೊಟ್ಟ. ಭಾವ ಟೇಪು ತಂದು ಅದನ್ನೂ ಅಳೆದು, ತಲೆ ಕೆರೆದು, ಬಿಟ್ಟರು. ಅಲ್ಲಿದ್ದವರಲ್ಲಿ ಅತಿ ಭಾರದವರೆಂದು ಪೊಲೀಸಿನವರನ್ನೇ ಮೊದಲು ಹತ್ತಿಸಿದೆವು. ಅವರು ಮೇಲೆ ನಿಂತು ಎರಡು ಸಲ ಕುಪ್ಪಳಿಸಿ, “ಏನೂ ಆಗಲ್ಲ” ಎಂದರು. ಮಹಡಿಮನೆಯಮ್ಮ ಅಷ್ಟರಲ್ಲಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದಿದ್ದರು; ಸಕ್ಕರೆ ಸ್ವಲ್ಪ ಹೆಚ್ಚೇ ಹಾಕಿದ್ದರು.

ಅತ್ತೆಮ್ಮನನ್ನು ಗಾಲಿಕುರ್ಚಿಗೆ ಇಳಿಸಿದೆವು. ಭಾವ ಹಿಂದಿನಿಂದ ಹಿಡಿಗಳನ್ನು ಹಿಡಿದರು. ನೆಂಟರು ಎರಡು ಸಾಲಾಗಿ ಉಸಿರು ಬಿಗಿಹಿಡಿದು ನಿಂತರು. ಮುಂದಿನ ಗಾಲಿ ಹಲಗೆ ಹತ್ತಿತು, ಹಿಂದಿನದೂ ಹತ್ತಿತು, ಹಲಗೆ ಒಂದು ಸಲ ಕಿರ್ರೆಂದಿತು. ಭಾವ ಒಂದೇ ಸಮನೆ ತಳ್ಳಿದರು. ಕುರ್ಚಿ ಹೊಸ್ತಿಲ ಮುಂದೆ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ಯಾಕ್ಸಿಯವನು ಹಾರನ್ನು ಹೊಡೆದ.

“ಇಳಿಸು” ಎಂದರು ಅತ್ತೆಮ್ಮ.

ಚಪ್ಪಾಳೆ ನಿಂತಿತು. ಭಾವನ ಮುಖ ಸಪ್ಪಗಾಯಿತು. “ಯಾಕಮ್ಮ? ನೋವಾಯ್ತಾ? ಅಲುಗಾಡ್ತಾ?”

“ಏನೂ ಆಗ್ಲಿಲ್ಲ. ಕೆಳಗಿಳಿಸು ಅಂದೆ.”

ಭಾವ ಹುಷಾರಾಗಿ, ಹಿಮ್ಮುಖವಾಗಿ ಕುರ್ಚಿಯನ್ನು ಗೇಟಿನವರೆಗೆ ಇಳಿಸಿದರು. ಅತ್ತೆಮ್ಮ ಸೆರಗು ಸರಿಮಾಡಿಕೊಂಡು, ಕುರ್ಚಿಯ ಎರಡು ಕೈಗಳನ್ನೂ ಹಿಡಿದು ನೆಟ್ಟಗೆ ಕೂತರು.

“ಈಗ ಇನ್ನೊಂದ್ಸಲ ಹತ್ತಿಸು.”

“ಯಾಕಮ್ಮ?”

“ನೀನು ಮಾಡಿದ ಹಲಗೆ ಅಲ್ವಾ, ಮೊದಲ್ನೇ ಸಲ ನಾನು ಹೆದರ್ಕೊಂಡು ಕಣ್ಣು ಮುಚ್ಕೊಂಡಿದ್ದೆ. ಈ ಸಲ ನೋಡ್ಕೊಂಡು ಹೋಗ್ತೀನಿ.”